ಅಳತೆ ಮೀರಿದ ಆಯಿಲ್

ನನ್ನ ಪಂಕ್ಚರ್ ಅಂಗಡಿಯ ಎದುರಿಗೇ ಹೊಗೆ ಮೇಸ್ತ್ರಿಯ ಶೆಡ್ಡು. ಕಾರು ಸಿಕ್ಕಾಪಟ್ಟೆ ಹೊಗೆ ಉಗುಳಿದರೆ ಜನ ಬರುವುದು ಅವನ ಹತ್ತಿರವೇ. ಇಂಜಿನ್ ಶುರುಮಾಡಿಸಿ, ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಾನೆ, ಮೂಸುತ್ತಾನೆ. ಕಪ್ಪಾದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಬಿಳಿ ಹೊಗೆ ಬಿಡದೆ ಬಂದು ಸಿಹಿ ವಾಸನೆ ಹೊಡೆದರೆ ರೇಡಿಯೇಟರ್ ನೀರು ಇಂಜಿನ್ ಒಳಗೆ ಸೇರುತ್ತಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಇಷ್ಟು ಹೇಳಿ ಬಾಯಿಗೆ ಬೀಗ. ಇನ್ನೆರಡು ಮಾತಾಡಿದರೆ ಇವನ ಗಂಟೇನು ಹೋಗುತ್ತದೋ!

ಮೊದಲು ಶೆಡ್ಡಿನಲ್ಲಿ ಇಬ್ಬರಿದ್ದರು. ಇವನೇ ಕೆಲಸ ಕಲಿಸಿದ ತಮ್ಮ, ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟ ದಿನ ಮೇಸ್ತ್ರಿಯ ಸಿಟ್ಟು ನೆತ್ತಿಗೇರಿತು.

"ಹೋಗು. ಇನ್ನು ಗಾಡಿ ಕೆಟ್ರೆ ಮಾತ್ರ ಈ ಕಡೆ ಬಾ!"

ಆಮೇಲೆ ತಮ್ಮ ಬರಲಿಲ್ಲ. ಮೇಸ್ತ್ರಿ ಒಬ್ಬನೇ ಉಂಡ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗಿದ. ತಮ್ಮನ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ, ನನ್ನನ್ನೂ. ತಮ್ಮನ ಮಾತೆತ್ತಿ ಬಾಯಿಬಿಟ್ಟರೆ ನನ್ನ ಮೇಲೇ ಹಾರಿಬೀಳುತ್ತಿದ್ದ.

ಮೊನ್ನೆ ತಮ್ಮನ ಕಾರು ಬಂತು. ಹಿಂದೆ ದಟ್ಟ ನೀಲಿ ಹೊಗೆ.

"ಗಾಡಿ ಕೆಟ್ಟಿದೆ, ಅಣ್ಣ."

ಅಣ್ಣ ಮುಖ ನೋಡಲಿಲ್ಲ, ಹೊಗೆ ನೋಡಿದ. ಇಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಎಷ್ಟೋ ಮೇಲಿತ್ತು.

"ಯಾವ ತಲೆಕೆಟ್ಟೋನು ಇಷ್ಟು ಸುರಿದಿದ್ದು?"

ತಮ್ಮ ತಲೆ ತಗ್ಗಿಸಿದ. ಮೇಸ್ತ್ರಿ ಹೆಚ್ಚಾದದ್ದನ್ನು ಬೋಗುಣಿಗೆ ಇಳಿಸಿ, ಹೊಗೆ ನಿಲ್ಲುವತನಕ ಇಂಜಿನ್ ಓಡಿಸಿ, "ಆಯ್ತು, ಹೋಗು" ಅಂದ. ತಮ್ಮ ಸ್ಟೂಲನ್ನೊಮ್ಮೆ ನೋಡಿ ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಆ ಬೋಗುಣಿ ಎತ್ತಿಕೊಂಡ ಮೇಸ್ತ್ರಿ ಹಾಗೇ ರಸ್ತೆ ದಾಟಿ ನನ್ನ ಹತ್ತಿರ ಬಂದ.

"ಅಳತೆ ನೋಡ್ದೆ ಆಯಿಲ್ ಹಾಕೋನಲ್ಲ ಕಣೋ ಅವನು. ನಾನೇ ಕಲಿಸಿದ್ದು."

"ಗಾಡಿ ಕೆಟ್ರೆ ಬಾ ಅಂದಿದ್ದು ನೀನೇ ತಾನೆ? ಕೆಡಿಸ್ಕೊಂಡು ಬಂದ."

ಅವನ ಕಣ್ಣು ತುಂಬಿತು. ನನ್ನ ಫೋನು ಕಿತ್ತುಕೊಂಡು ತಮ್ಮನಿಗೆ ಮಾಡಿದ.

"ನಾನು ಕಣೋ, ಅಣ್ಣ. ನಿನ್ ಗಾಡಿ ಹೊಗೆ ಪೂರ್ತಿ ಹೋಗಿಲ್ಲ. ನಾಳೆ ತಗೊಂಡು ಬಾ."

ಹೊಗೆಯ ವಿಷಯದಲ್ಲಿ ಅವನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ನನ್ನ ಫೋನು ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ, ಹಾಗಾಗಿ ತಮ್ಮನ ಉತ್ತರ ನನಗೂ ಕೇಳಿಸಿತು.

"ಹೌದಣ್ಣ, ಇನ್ನೂ ಬರ್ತಾನೇ ಇದೆ."