ಬೀಸದೆ ಉಳಿದ ಸೀಗೆಕಾಯಿ

ಅಕ್ಕ ಕೊಟ್ಟ ಒಂದು ಚೀಲ ಸೀಗೆಕಾಯಿಯನ್ನು ನಾನು ಬೀಸಿಕೊಡಲಿಲ್ಲ. ಬೀಸುವುದೇ ನನ್ನ ಉದ್ಯೋಗ. ಬೆಳಗಾವಿಯ ವಡಗಾವಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ದಿನವೂ ಓಣಿಯವರ ಜೋಳ, ಗೋಧಿ ಬೀಸುವವನು ಒಡಹುಟ್ಟಿದವಳ ಐದು ಕಿಲೋ ಕಾಯಿ ಬೀಸಲಿಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಬೀಸಿದ್ದೇನೆ ಎಂದು ಸುಳ್ಳು ಹೇಳಿದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನ ತಲೆ ತೊಳೆಯುತ್ತಿದ್ದವಳು ಅವಳೇ. ಸೀಗೆ ನೀರು ಕಣ್ಣಿಗೆ ಇಳಿಯದಂತೆ ಎಡಗೈಯನ್ನು ನನ್ನ ಹಣೆಗೆ ಅಡ್ಡ ಹಿಡಿದು, ಬಲಗೈಯಿಂದ ತಂಬಿಗೆ ಬಗ್ಗಿಸುತ್ತಿದ್ದಳು. ಆರನೆಯ ಇಯತ್ತೆಯ ತನಕ ನಾನು ಕಲಿತದ್ದರಲ್ಲಿ ಬಹಳಷ್ಟು ಮರೆತುಹೋಗಿದೆ. ಆ ಕೈ ಮರೆತಿಲ್ಲ.

ಈಗ ಅವಳು ಖಾನಾಪುರದಲ್ಲಿ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ಅಡುಗೆ ಮಾಡುತ್ತಾಳೆ. ದಿನವಿಡೀ ಒಲೆಯ ಮುಂದೆ ಬೆವರುವ ತಲೆ. ದಿನ ಬಿಟ್ಟು ದಿನ ಒಂದು ಶಾಂಪೂ ಪಾಕೀಟು ಹರಿಯುತ್ತಿದ್ದಳು. ತುರಿಕೆ, ಹೊಟ್ಟು ಎರಡೂ ಹೆಚ್ಚಾದವು. ಎರಡು ವರ್ಷದ ಹಿಂದೆ ಒಂದು ದಿನ ಪಾಕೀಟು ಬಿಟ್ಟು, ಸೀಗೆಕಾಯಿ, ಅಂಟವಾಳ, ಮೆಂತ್ಯ, ಘಮಘಮಿಸುವ ಕಚೋರದ ಬೇರು ಕೂಡಿಸಿ ತನ್ನದೇ ಪುಡಿ ಮಾಡಿಕೊಂಡಳು.

ಆ ವರ್ಷದ ನಾಗರ ಪಂಚಮಿಗೆ ನಮ್ಮ ಮನೆಗೆ ಬಂದಾಗ ಅವಳ ಕೂದಲು ಎಣ್ಣೆಯಲ್ಲಿ ಅದ್ದಿದ ಹಗ್ಗದಂತೆ ಅಂಟಿಕೊಂಡಿತ್ತು. ನಾನು ನಕ್ಕುಬಿಟ್ಟೆ.

“ಏನಬೇ ಅಕ್ಕಾ, ಜಡಿ ಬಿಟ್ಟು ಮಠಾ ಸೇರಾಕಿ ಏನು?”

“ನಗಪಾ, ನಗು. ಇಷ್ಟು ವರ್ಷ ಹಾಳ ಮಾಡೇನಿ, ಒಂದು ತಿಂಗಳದಾಗ ಸುದ್ದ ಆಗಂದ್ರ ಹೆಂಗ ಆಗತೈತಿ?” ಎಂದು ಅವಳು ಶೇಂಗಾ ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು.

ಒಂದು ತಿಂಗಳಲ್ಲ, ಮೂರು ತಿಂಗಳು ಹಿಡಿಯಿತು. ಕೆಲಸದ ಜಾಗದಲ್ಲೂ ಆಡಿಕೊಂಡವರಿದ್ದರು. ಅವಳು ಬಿಡಲಿಲ್ಲ. ಕೂದಲು ಉದ್ದವಾಯಿತು, ಕಪ್ಪಾಯಿತು ಎಂದೆಲ್ಲ ನಾನು ಹೇಳುವುದಿಲ್ಲ. ನರೆತದ್ದು ನರೆತೇ ಇದೆ. ತುರಿಕೆ ನಿಂತಿತು, ಬಾಚಣಿಕೆ ಸಲೀಸಾಗಿ ಇಳಿಯತೊಡಗಿತು. ಅದನ್ನು ನೋಡಿ ವಸತಿನಿಲಯದ ಒಬ್ಬ ಹುಡುಗಿ ತನ್ನ ತಲೆಯನ್ನೂ ತೊಳೆಯಲು ಕೇಳಿದಳಂತೆ. ಆಮೇಲೆ ಇನ್ನೊಬ್ಬಳು. ಮುಂದಿನ ಮಳೆಗಾಲ ಬರುವಷ್ಟರಲ್ಲಿ ರವಿವಾರದ ಮುಂಜಾನೆ ಹದಿನಾಲ್ಕು ಹುಡುಗಿಯರು ಸಾಲು ಹಿಡಿಯುತ್ತಿದ್ದರು. ಅದು ಅವಳ ಕೆಲಸವಲ್ಲ. ಅಡುಗೆ ಮುಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮಾಡುತ್ತಿದ್ದಳು. ಯಾರ ತಲೆ ಒಣಗಿದ್ದು, ಯಾರದು ಜಿಡ್ಡು, ಯಾರಿಗೆ ಅಂಟವಾಳ ಕಡಿಮೆ ಹಾಕಬೇಕು, ಎಲ್ಲ ಅವಳಿಗೆ ಬಾಯಿಪಾಠ. ಇಬ್ಬರು ಮತ್ತೆ ಪಾಕೀಟಿಗೆ ಹೋದರು. “ಹೋಗ್ಲಿ ಬಿಡು, ಅವರ ತಲಿ ಅವರದು” ಎಂದಳು, ಅಷ್ಟೇ.

ಹೋದ ವರ್ಷ ಪಂಚಮಿಗೆ ಬಂದಾಗ ಅವಳ ಬಗಲಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಕಣಕುಂಬಿಯ ಕಡೆಯಿಂದ ಸಂತೆಗೆ ಬರುವ, ಅಕ್ಕ ಮಾವಶಿ ಎಂದು ಕರೆಯುವ ಒಬ್ಬ ಹೆಂಗಸಿನ ಹತ್ತಿರ ಕೊಂಡ ಸೀಗೆಕಾಯಿ. ಬೇಸಿಗೆಯ ಬಿಸಿಲಲ್ಲಿ ಎರಡು ತಿಂಗಳು ದಿನವೂ ಹರವಿ, ಬೀಜ ತೆಗೆದು ಒಣಗಿಸಿ, ಕಚೋರವನ್ನೂ ಅದರಲ್ಲೇ ಬೆರೆಸಿಟ್ಟಿದ್ದಳು. ಪಂಚಮಿಗೆ ಬಂದ ಅಕ್ಕತಂಗಿಯರಿಗೆ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ನಾನು ಸೀರೆ ತೆಗೆದಿಟ್ಟಿದ್ದೆ.

“ಈ ಸಲ ಸೀರಿ ಬ್ಯಾಡೋ ತಮ್ಮಾ. ಇದನ್ನ ಬೀಸಿ ಕೊಡು. ಇದ ನನ್ನ ಪಂಚಮಿ. ಹಸಿ ಹವಾ ಐತಿ, ಲಗೂನ ಬೀಸು.”

“ನಾಳಿಗೇ ಆತು ತಗೋ” ಎಂದೆ.

ಸೀಗೆಕಾಯಿ ಎಂದರೆ ಗಿರಣಿಯವರು ಹೆದರುತ್ತಾರೆ. ಧೂಳು ಎದ್ದರೆ ಓಣಿಯೆಲ್ಲ ಸೀನುತ್ತದೆ. ಕಲ್ಲಿನಲ್ಲಿ ಉಳಿದ ಪುಡಿ ಮುಂದಿನವರ ಹಿಟ್ಟಿಗೆ ಸೇರಿ ಕಹಿಯಾಗುತ್ತದೆ. ಬಹಳ ಹಿಂದೆ ಒಮ್ಮೆ ಯಾರದೋ ಒಂದು ಸೇರು ಬೀಸಿಕೊಟ್ಟಿದ್ದೆ. ಮರುದಿನ ಒಬ್ಬ ಹೆಣ್ಣುಮಗಳು ರೊಟ್ಟಿ ತಂದು ನನ್ನ ಮುಂದೆ ಇಟ್ಟು, “ನೀವ ಒಂದು ತುತ್ತು ತಿಂದು ತೋರಸ್ರೀ” ಎಂದಿದ್ದಳು. ಖಾರ ಕುಟ್ಟುವ ಯಂತ್ರದಲ್ಲಿ ಹಾಕೋಣವೆಂದರೆ ಹುಡುಗಿಯರ ತಲೆ ಉರಿದೀತು.

ಇವೆಲ್ಲ ನೆವ. ಗಿರಣಿ ಮುಚ್ಚಿರುವ ವಾರದ ಸೂಟಿಯ ದಿನ ಒಂದು ತಾಸು ಕೊಟ್ಟಿದ್ದರೆ ಸಾಕಿತ್ತು. ಬೀಸಿ, ಅದರ ಹಿಂದೆಯೇ ಎರಡು ಕಿಲೋ ತೌಡು ಹಾಯಿಸಿದ್ದರೆ ಕಲ್ಲು ಸ್ವಚ್ಛವಾಗುತ್ತಿತ್ತು. ಸೂಟಿಯ ದಿನ ನಾನು ಮಲಗಿದೆ. ಮುಂದಿನ ಸೂಟಿಗೂ ಮಲಗಿದೆ. ಅಕ್ಕ ಫೋನು ಮಾಡಿದಾಗಲೆಲ್ಲ “ಆಗೇತಿ, ತರೂದಷ್ಟ ಬಾಕಿ” ಎಂದೆ. ತಿಂಗಳಾದ ಮೇಲೆ ಚೀಲ ಬಿಚ್ಚಿದರೆ ಮಳೆಯ ತಂಪಿಗೆ ಕಾಯಿ ಮೆತ್ತಗಾಗಿ ಬೂಷ್ಟು ಹಿಡಿದಿತ್ತು. ಎರಡು ತಿಂಗಳ ಅವಳ ಬಿಸಿಲು ನನ್ನ ಗಿರಣಿಯ ಮೂಲೆಯಲ್ಲಿ ಕೊಳೆತಿತ್ತು.

ಕಾಯಿ ಚೆಲ್ಲಿದೆ. ಚೀಲ ತೊಳೆದು ಒಣಗಿಸಿದೆ. ರವಿವಾರ ಪೇಟೆಗೆ ಹೋಗಿ ಸಿದ್ಧ ಪುಡಿಯ ಪಾಕೀಟುಗಳನ್ನು ತಂದು, ಒಂದೊಂದಾಗಿ ಹರಿದು ಅದೇ ಚೀಲಕ್ಕೆ ಸುರುವಿದೆ. ಖಾನಾಪುರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಮಚ್ಛೆ ಊರು ದಾಟುವವರೆಗೂ ಅದರ ಸೆಂಟಿನ ವಾಸನೆ ಮೂಗಿಗೆ ಬಡಿಯುತ್ತಲೇ ಇತ್ತು.

ಅಕ್ಕ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಮೂಸಿದಳು.

“ನನ್ನ ಕಚೋರದ ವಾಸನಿ ಎಲ್ಲೈತೋ?”

“ಕಲ್ಲಿನ ಬಿಸಿಗೆ ಹೋಗಿರಬೇಕು.”

ಅವಳು ನನ್ನ ಮುಖ ನೋಡಿದಳು. “ಇರಬಹುದು” ಎಂದು ಒಳಗೆ ಹೋಗಿ ಚಹಾ ತಂದಳು.

ಮತ್ತೆ ಅವಳು ಬೀಸುವ ಮಾತು ಎತ್ತಲಿಲ್ಲ. ದೀಪಾವಳಿ ಕಳೆದು ಒಂದು ರವಿವಾರ ಮುಂಜಾನೆಯ ಗಿರಾಕಿಗಳನ್ನು ಮುಗಿಸಿ, ಗಿರಣಿಯ ಬಾಗಿಲು ಹಾಕಿದವನೇ ಖಾನಾಪುರಕ್ಕೆ ಹೋದೆ. ವಸತಿನಿಲಯದ ಹಿತ್ತಲಲ್ಲಿ ಅಕ್ಕ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒರಳಿನಲ್ಲಿ ಸೀಗೆಕಾಯಿ ಕುಟ್ಟುತ್ತಿದ್ದಳು. ಕಣ್ಣು ಕೆಂಪಾಗಿದ್ದವು. ಅಂಗೈಯಲ್ಲಿ ಒನಕೆಯ ಗುಳ್ಳೆ ಒಡೆದು ಒಣಗಿತ್ತು. ಅದೇ ಮಾವಶಿಯಿಂದ ಮತ್ತೆ ಕಾಯಿ ತರಿಸಿದ್ದಳು. ನನ್ನ ಪುಡಿ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಡಬ್ಬಿಯಲ್ಲಿತ್ತು.

“ನೀ ಕೊಟ್ಟ ಪುಡಿ ಭಾಂಡಿ ತಿಕ್ಕಾಕ ಭಾಳ ಚಲೋ ಐತಿ ನೋಡಪಾ” ಎಂದಳು. ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಪ್ರತಿ ಹುಡುಗಿಯ ಹಣೆಗೂ ಅದೇ ಎಡಗೈ. ಹನ್ನೆರಡು ತಲೆ ಮುಗಿದರೂ ಒಬ್ಬಳ ಕಣ್ಣಿಗೂ ನೀರು ಇಳಿಯಲಿಲ್ಲ. ಓದು ಬರಹ ಹೆಚ್ಚಿಲ್ಲದ ನನ್ನ ಅಕ್ಕ ಕೈಗೆ ಹಿಡಿದ ಒಂದು ಕೆಲಸವನ್ನು ಎಷ್ಟು ಚಂದ ಮಾಡುತ್ತಾಳೆ ಎಂದು ಅಂದು ಮೊದಲ ಸಲ ಸರಿಯಾಗಿ ಕಂಡೆ.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. ಮುಂಜಾನೆ ಗಿರಣಿಯಿಂದ ನೆಟ್ಟಗೆ ಬಂದವನು, ತಲೆಯ ತುಂಬ ಹಿಟ್ಟು.

“ತಲಿ ನೋಡು! ಒಂದು ತಂಬಗಿ ನೀರ ಹಾಕಿದ್ರ ನಾಕು ರೊಟ್ಟಿ ಬಡೀಬಹುದು. ಬಾ, ಕುಂದರು ಇಲ್ಲೆ.”

“ಹುಡುಗ್ಯಾರ ಮುಂದ ಬ್ಯಾಡಬೇ ಅಕ್ಕಾ.”

“ಕುಂದರಂದ್ರ ಕುಂದರು.”

ನಲವತ್ತೆರಡು ವರ್ಷದ ನಾನು ಕಲ್ಲಿನ ಮೇಲೆ ಕುಳಿತು ತಲೆ ಬಗ್ಗಿಸಿದೆ. ಕಚೋರದ ವಾಸನೆ ಬಂತು. ಗುಳ್ಳೆ ಒಡೆದ ಅಂಗೈ ಹಣೆಗೆ ತಾಗಿದಾಗ ಒರಟಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅವಳ ಮುಖ ಕಾಣದಿದ್ದುದಕ್ಕೋ ಏನೋ, ಮೂರು ತಿಂಗಳಿಂದ ಮುಚ್ಚಿಟ್ಟದ್ದು ಹೊರಗೆ ಬಂತು.

“ಅಕ್ಕಾ, ನಿನ್ನ ಕಾಯಿ ನಾ ಬೀಸಲೇ ಇಲ್ಲ. ಮೂಲ್ಯಾಗಿಟ್ಟು ಕೊಳಸಿದೆ. ನಿನಗ ಕೊಟ್ಟದ್ದು ಪ್ಯಾಟಿ ಪುಡಿ. ನಿನ್ನ ಪಂಚಮಿ ನಾ ಕೊಡಲಿಲ್ಲ, ಮ್ಯಾಲ ಸುಳ್ಳೂ ಹೇಳಿದೆ. ತಪ್ಪಾತಬೇ ಅಕ್ಕಾ.”