ಸ್ಯಾಕ್ಸೋಫೋನ್ ಡಿಕ್ಕಿಗೆ ಹೋಗುವುದಿಲ್ಲ

ಗೆಳೆಯರೇ, ಇವತ್ತು ಮಡಂತ್ಯಾರಿನಲ್ಲಿ ಕಂಡಕ್ಟರ್ ನನ್ನನ್ನು ಬಸ್ಸಿನಿಂದ ಇಳಿಸಿದ. ಹತ್ತು ವರ್ಷದ ಮಗಳನ್ನು ಬಂಟ್ವಾಳಕ್ಕೆ ಸ್ಯಾಕ್ಸೋಫೋನ್ ಪಾಠಕ್ಕೆ ಕರೆದುಕೊಂಡು ಹೊರಟಿದ್ದೆ. ವಾದ್ಯದ ಪೆಟ್ಟಿಗೆ ನನ್ನ ಮಡಿಲಲ್ಲಿತ್ತು.

“ಅಕ್ಕ, ರಶ್ ಉಂಟು. ಪೆಟ್ಟಿಗೆ ಡಿಕ್ಕಿಯಲ್ಲಿ ಹಾಕುವ.”

ಹೋದ ವಾರ ಹಾಗೆ ಹಾಕಿದ್ದಕ್ಕೇ ವಾದ್ಯದ ಒಂದು ಕೀ ಬಾಗಿತ್ತು. ಗುರುಗಳು ಅದನ್ನು ಸರಿಮಾಡುವಷ್ಟರಲ್ಲಿ ಪಾಠದ ಹೊತ್ತು ಮುಗಿದು, ಮಗಳು ದಾರಿಯುದ್ದಕ್ಕೂ ಅತ್ತಿದ್ದಳು.

“ಆಗುವುದಿಲ್ಲ. ಮಡಿಲಲ್ಲೇ ಹಿಡ್ಕೊಳ್ತೇನೆ,” ಎಂದೆ.

“ಹಾಗಾದ್ರೆ ಇಳಿಯಿರಿ ಮಾರಾಯ್ರೆ!”

ಇಳಿದೆವು. ಬಸ್ಸು ಹೋಯಿತು.

“ಅಮ್ಮ, ಇವತ್ತೂ ಪಾಠ ಇಲ್ವಾ?” ಮಗಳು ಕೇಳಿದಳು.

“ಉಂಟು. ಬಸ್ಸು ಸಿಗದಿದ್ರೆ ನಡೆದೇ ಹೋಗುವ.”

ಮುಂದಿನ ಬಸ್ಸಿನಲ್ಲಿ ಖಾಲಿಯಿದ್ದದ್ದು ಒಂದೇ ಸೀಟು. ಮಗಳನ್ನು ಕೂರಿಸಿ, ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟು, ಬಂಟ್ವಾಳದವರೆಗೂ ನಾನು ನಿಂತೆ. ತಡವಾದರೂ ಅರ್ಧ ಗಂಟೆಯ ಪಾಠ ಸಿಕ್ಕಿತು. ಮೊದಲ ಸಲ ಅವಳು ಸ್ವರಗಳನ್ನೆಲ್ಲ ಎಲ್ಲೂ ತಡವರಿಸದೆ ಊದಿದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಕಾಲುನೋವು ನೆನಪಾಗಲಿಲ್ಲ.

ಮನೆಗೆ ಬಂದು ಹೇಳಿದರೆ ಇವರು ನಕ್ಕರು. “ಸರಿಗಮಕ್ಕೇ ಇಷ್ಟು ಜಗಳವಾ ಮಾರಾಯ್ತಿ?”

“ಕೀರ್ತನೆ ಶುರುವಾಗಲಿ,” ಎಂದೆ, “ಡ್ರೈವರನ ಹತ್ತಿರವೂ ಜಗಳ ಮಾಡ್ಲಿಕ್ಕುಂಟು.”