ಕಪ್ಪು ತೊಲೆಗಳ ಕಾಟೇಜು

ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿ ಇವತ್ತು ನಾನೂ ನನ್ನ ಗಂಡನೂ ಮನೆ ನೋಡಲು ಹೋಗಿದ್ದೆವು. ಬಿಳಿ ಗೋಡೆಯ ಮೇಲಿನ ಕಪ್ಪು ತೊಲೆಗಳನ್ನು ಕಂಡದ್ದೇ ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದಾಗ ನಾವು ಅಂಥದೇ ಹಳೆಯ ಕಾಟೇಜಿನಲ್ಲಿ ಬಾಡಿಗೆಗಿದ್ದೆವು. ಹುಲ್ಲಿನ ಸೂರು, ತಗ್ಗು ಬಾಗಿಲು, ಹಗಲಲ್ಲೂ ಕತ್ತಲೆಯ ಕೋಣೆಗಳು. ಮನೆಯೊಡತಿ ಬಾಗಿಲು ತಟ್ಟದೆ ಒಳಗೆ ಬಂದು ತೊಲೆಗಳನ್ನು ಮೂಸುತ್ತಿದ್ದಳು. ವಾಸನೆ ಮರಕ್ಕೆ ಹಿಡಿಯುತ್ತದೆಂದು ಒಗ್ಗರಣೆಯನ್ನೇ ಹಾಕಬಾರದೆಂದಿದ್ದಳು.

"ಸುಮ್ನಿರೇ, ಬೇರೆ ಮನೆ ಸಿಗಲ್ಲ" ಎಂದು ಅಪ್ಪ ಅಮ್ಮನ ಬಾಯಿ ಮುಚ್ಚಿಸುತ್ತಿದ್ದರು.

ಒಮ್ಮೆ ಮನೆಯೊಡತಿ ಮನೆಯ ಚೆಂದ ತೋರಿಸಲು ಗೆಳತಿಯರನ್ನು ಕರೆತಂದು, ನಮ್ಮೆದುರೇ "ಮೂಗು ಮುಚ್ಚಿಕೊಳ್ಳಿ" ಎಂದಳು. ಅಮ್ಮ ಕಾದ ಎಣ್ಣೆಗೆ ಹಿಡಿ ಒಣಮೆಣಸಿನಕಾಯಿ ಸುರಿದಳು. ಕೆಮ್ಮುತ್ತ ಓಡಿದವರ ಹಣೆಗಳು ಬಾಗಿಲಿಗೆ ಬಡಿದವು. ಮರುವಾರವೇ ನಾವು ಮನೆ ಬಿಡಬೇಕಾಯಿತು. ಅಮ್ಮ ತಿರುಗಿಯೂ ನೋಡಲಿಲ್ಲ.

"ಕ್ಯೂಟ್ ಆಗಿದೆ ಅಲ್ವಾ?" ಎಂದರು ಇವತ್ತು ನನ್ನ ಗಂಡ, ಈ ಮನೆಯ ತೊಲೆ ಸವರುತ್ತ.

"ಸೌದೆಗೆ ಚೆನ್ನಾಗಿರತ್ತೆ" ಎಂದು ನಾನು ಕಾರಿನ ಕಡೆ ನಡೆದೆ.